ಬೂದಿ ಮುಚ್ಚಿದ ಕೆಂಡ

ಬೂದಿಯ ಕೆಳಗಿರುವ ಕೆಂಡವು ಕಣ್ಣಿಗೆ ಕಾಣದು. ಕಾಣದೆಂದ ಮಾತ್ರಕ್ಕೆ ಆರಿತೆಂದು ನಂಬಲಾಗದು. ವಯಸ್ಸಾದ ಪುರುಷರನ್ನು ಬಾಧಿಸುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ರೀತಿಯೂ ಎಷ್ಟೋ ವೇಳೆ ಇಂಥದೇ. ಶಸ್ತ್ರಚಿಕಿತ್ಸೆಯಾಗಿ, ಮನೆಯ ಯಜಮಾನರು ವರುಷಗಳ ಕಾಲ ಸುಖವಾಗಿದ್ದ ಮೇಲೆಯೂ ವ್ಯಾಧಿಯು ಮರುಕಳಿಸುವುದುಂಟು.

ಮೂತ್ರಕೋಶದ ಕೆಳಗಿರುವ ಈ ಗ್ರಂಥಿಯು ಪಿ.ಎಸ್.ಎ. ಎಂಬ ಪ್ರೋಟೀನನ್ನು ಉಂಟುಮಾಡುವುದು. ಗ್ರಂಥಿಯನ್ನು ಪೂರ್ತಿಯಾಗಿ ತೆಗೆದ ಬಳಿಕ ರಕ್ತದಲ್ಲಿ ಅದು ಕಾಣದಂತಾಗಬೇಕು. ಹಾಗಲ್ಲದೆ ಒಂದು ಮಿಲಿಲೀಟರಿಗೆ 0.2 ನ್ಯಾನೋಗ್ರಾಂ ಮುಟ್ಟಿ, ಎರಡನೆಯ ಪರೀಕ್ಷೆಯೂ ಅದನ್ನೇ ಸ್ಥಿರಪಡಿಸಿದರೆ, ರೋಗವು ಮರಳಿದೆಯೆಂದು ವೈದ್ಯರು ಎಣಿಸುವರು. ಆದರೆ ಎಲ್ಲಿ? ಗ್ರಂಥಿಯಿದ್ದ ಸ್ಥಳದಲ್ಲಿಯೋ, ಮೂಳೆಯಲ್ಲಿಯೋ? ಇದನ್ನು ರಕ್ತವು ತಿಳಿಸಲಾರದು. ಮೊದಲನೆಯದಾದರೆ ವಿಕಿರಣ ಚಿಕಿತ್ಸೆಯಿಂದ ಗುಣವಾಗುವ ಆಶೆಯುಂಟು; ಎರಡನೆಯದಾದರೆ ಚಿಕಿತ್ಸೆಯ ದಾರಿಯೇ ಬೇರೆ.

ಇಲ್ಲಿ ನೆರವಿಗೆ ಬರುವುದೇ ಪೆಟ್ ಪರೀಕ್ಷೆ. ರೋಗದ ಕಣಗಳನ್ನು ಅರಸಿ ಹಿಡಿಯುವ ಒಂದು ದ್ರವ್ಯಕ್ಕೆ ವಿಕಿರಣಶೀಲ ಪರಮಾಣುವನ್ನು ಜೋಡಿಸಿ, ಅತ್ಯಲ್ಪ ಪ್ರಮಾಣದಲ್ಲಿ ರಕ್ತನಾಳದೊಳಕ್ಕೆ ಸೇರಿಸುವರು. ಆ ಪರಮಾಣುವು ಹೊರಸೂಸುವ ಪಾಸಿಟ್ರಾನು ಎಲೆಕ್ಟ್ರಾನನ್ನು ಕೂಡಿ ನಾಶವಾಗುವಾಗ ಎರಡು ಕಿರಣಗಳು ವಿರುದ್ಧ ದಿಕ್ಕುಗಳಿಗೆ ಹೊರಡುವುವು. ಯಂತ್ರವು ಇವೆರಡನ್ನೂ ಹಿಡಿದು, ಹೊರಟ ಸ್ಥಳವನ್ನು ಗೊತ್ತುಹಚ್ಚುವುದು.

2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕೋಲೀನ್ ದ್ರವ್ಯದ ಕಾರ್ಬನ್-11, ಸುಮಾರು 20 ನಿಮಿಷಗಳಲ್ಲಿ ಅರ್ಧಕ್ಕೆ ಇಳಿಯುವುದು. ಆದುದರಿಂದ ಅದನ್ನು ಆಸ್ಪತ್ರೆಯ ಬಳಿಯಲ್ಲಿಯೇ ತಯಾರಿಸಬೇಕು. ರೋಗಕಣಗಳ ಮೈಮೇಲೆ ಹೇರಳವಾಗಿರುವ ಪಿ.ಎಸ್.ಎಂ.ಎ. ಎಂಬ ಪ್ರೋಟೀನಿಗೆ ಅಂಟುವ ದ್ರವ್ಯಗಳು ಆಮೇಲೆ ಬಂದುವು: 2020ರಲ್ಲಿ ಗ್ಯಾಲಿಯಂ-68ರದು, 2021ರಲ್ಲಿ ಫ್ಲೋರಿನ್-18ರದು. ಫ್ಲೋರಿನ್ ಅರ್ಧವಾಗಲು ಸುಮಾರು 110 ನಿಮಿಷ ಬೇಕಾದುದರಿಂದ ದೂರದಿಂದಲೂ ತರಿಸಬಹುದು. ಪಿ.ಎಸ್.ಎ. ಇನ್ನೂ ಕಡಮೆಯಿರುವಾಗಲೇ ಸಣ್ಣ ಗಂಟುಗಳನ್ನು ತೋರಿಸುವುದರಲ್ಲಿ ಇವು ಕೋಲೀನಿಗಿಂತ ಮೇಲು.

ಆದರೂ ಇದನ್ನು ದಿವ್ಯದೃಷ್ಟಿಯೆಂದು ಭಾವಿಸಬಾರದು. ಲಾಲಾಗ್ರಂಥಿ, ಮೂತ್ರಪಿಂಡಗಳು ಸಹಜವಾಗಿಯೇ ಬೆಳಗುವುವು, ಬೆಳಗಿದ್ದೆಲ್ಲವೂ ರೋಗವಲ್ಲ. ತೀರ ಚಿಕ್ಕ ಗಂಟು ಕಾಣದೆಯೂ ಹೋದೀತು. ಚಿತ್ರದಲ್ಲಿ ಏನೂ ತೋರಲಿಲ್ಲವೆಂದು, ತೋರುವ ತನಕ ಕಾಯುತ್ತ ಕುಳಿತರೆ, ವಿಕಿರಣ ಚಿಕಿತ್ಸೆಯು ಚೆನ್ನಾಗಿ ಫಲಿಸುವ ಕಾಲವೇ ಕಳೆದುಹೋಗಬಹುದು.

ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಚಿಕಿತ್ಸೆ ಮುಗಿಯಿತೆಂದು ರಕ್ತಪರೀಕ್ಷೆಯನ್ನು ಬಿಡಬೇಡಿರಿ, ಹಳೆಯ ಕಾಗದಗಳನ್ನು ತಾರೀಖಿನ ಕ್ರಮದಲ್ಲಿ ಜೋಪಾನವಾಗಿಡಿರಿ, ಪಿ.ಎಸ್.ಎ. ಏರಿದರೆ, ನಾಚಿಕೆಯಿಂದ ಮನೆಯವರಿಗೆ ಮರೆಮಾಚದೆ, ಕೂಡಲೆ ತಜ್ಞರನ್ನು ಕಾಣಿರಿ. ಕೆಂಡವನ್ನು ಕೆಂಡವಾಗಿದ್ದಾಗಲೇ ನಂದಿಸುವುದು ಲೇಸು.