2035 ಎಂಬ ಇಸವಿ, ಲೊನಾಕ್ ಎಂಬ ಸರೋವರ

ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಮಾಯವಾಗಿಬಿಡುವ ಸಂಭವ ತೀರಾ ಹೆಚ್ಚು ಎಂದು ವಿಶ್ವಸಂಸ್ಥೆಯ ಆಶ್ರಯದ ಹವಾಮಾನ ಸಮಿತಿ ಐಪಿಸಿಸಿ 2007ರ ವರದಿಯಲ್ಲಿ ಬರೆದಿತ್ತು. ಅದೇ ವರ್ಷ ಆ ಸಮಿತಿಗೆ ನೊಬೆಲ್ ಶಾಂತಿ ಪ್ರಶಸ್ತಿಯ ಪಾಲೂ ಸಿಕ್ಕಿತು. ಗಂಗೆ, ಯಮುನೆಯ ನೀರು ನಲ್ಲಿಯಲ್ಲಿ ಬರುವ ದಿಲ್ಲಿಯಲ್ಲಿ ಕುಳಿತು ಇದನ್ನು ಓದಿದ ನನಗೆ ಹೆದರಿಕೆಯಾಗಿದ್ದು ನಿಜ. ಮಳೆಗಾಲದಲ್ಲಿ ಈ ನದಿಗಳಿಗೆ ಮಳೆಯೇ ಆಧಾರ. ಹಿಮ ಕರಗಿ ಬರುವ ನೀರಿನ ಬೆಲೆ ಗೊತ್ತಾಗುವುದು ಬೇಸಿಗೆಯಲ್ಲಿ.

ಈಗಲೂ ಕನ್ನಡದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಯಾರಾದರೂ ಹಿರಿಯರು ಮಾತು ತೆಗೆಯುತ್ತಾರೆ: “ಹಿಮಾಲಯ ಕರಗಿಹೋಗುತ್ತೆ ಅಂದಿದ್ರಲ್ಲ, ಅದು ಸುಳ್ಳು ಅಂತ ಅವರೇ ಒಪ್ಪಿಕೊಂಡ್ರಲ್ಲ ಸ್ವಾಮಿ?” ಒಪ್ಪಿಕೊಂಡಿದ್ದು ಹೌದು. ಆದರೆ ಏನನ್ನು ಒಪ್ಪಿಕೊಂಡರು ಎಂಬುದು ಮಾತ್ರ ಬಹಳ ಮಂದಿಗೆ ತಲುಪಲಿಲ್ಲ.

ಈ ಜಗಳ ನಡೆದದ್ದು ದಿಲ್ಲಿಯಲ್ಲೇ. 2009ರ ನವೆಂಬರ್‌ನಲ್ಲಿ, ಕೋಪನ್‌ಹೇಗನ್ ಹವಾಮಾನ ಸಮ್ಮೇಳನಕ್ಕೆ ಒಂದು ತಿಂಗಳಿರುವಾಗ, ಪರಿಸರ ಸಚಿವ ಜೈರಾಮ್ ರಮೇಶ್ ಒಂದು ವರದಿ ಬಿಡುಗಡೆ ಮಾಡಿದರು. ಅವರು ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ ಎಂದು ನೆನಪಿಸುವುದು ನಮ್ಮವರ ಅಭ್ಯಾಸ, ನಾನೂ ನೆನಪಿಸುತ್ತೇನೆ. ವರದಿ ಬರೆದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ನಿವೃತ್ತ ಅಧಿಕಾರಿ ವಿ.ಕೆ. ರೈನಾ. ಹಿಮನದಿಗಳು ಹಿಂದೆ ಸರಿಯುತ್ತಿವೆ, ಆದರೆ ಅಸಹಜ ವೇಗದಲ್ಲೇನೂ ಅಲ್ಲ ಎಂಬುದು ಅದರ ಸಾರ. ಐಪಿಸಿಸಿ ಅಧ್ಯಕ್ಷ ರಾಜೇಂದ್ರ ಪಚೌರಿ ಅದನ್ನು ವೂಡೂ ವಿಜ್ಞಾನ, ಅಂದರೆ ಮಾಟಮಂತ್ರದ ವಿಜ್ಞಾನ ಎಂದು ಜರೆದರು. ಎರಡೇ ತಿಂಗಳಲ್ಲಿ, 2010ರ ಜನವರಿಯಲ್ಲಿ, 2035ರ ಮಾತಿಗೆ ಗಟ್ಟಿ ಆಧಾರವಿಲ್ಲವೆಂದು ಐಪಿಸಿಸಿಯೇ ವಿಷಾದ ಸೂಚಿಸಿತು.

ಆ ಇಸವಿ ಅಲ್ಲಿಗೆ ಬಂದದ್ದಾದರೂ ಹೇಗೆ? ವಿಜ್ಞಾನಿಯೊಬ್ಬರು ಆಡಿದ ಅಂದಾಜಿನ ಮಾತನ್ನು 1999ರಲ್ಲಿ ‘ನ್ಯೂ ಸೈಂಟಿಸ್ಟ್’ ಪತ್ರಿಕೆ ಅಚ್ಚುಹಾಕಿತು. ಅದು 2005ರಲ್ಲಿ ಡಬ್ಲ್ಯುಡಬ್ಲ್ಯುಎಫ್ ವರದಿಗೆ ಹೋಯಿತು, ಅಲ್ಲಿಂದ ಐಪಿಸಿಸಿಯ ಪುಟಕ್ಕೆ. ಹಳೆಯ ದಾಖಲೆಯೊಂದರಲ್ಲಿ 2350 ಎಂದಿದ್ದದ್ದು ಅಂಕಿ ಅದಲುಬದಲಾಗಿ 2035 ಆಯಿತೆಂಬ ಅನುಮಾನವೂ ಇದೆ. ಬಾಯಿಂದ ಬಾಯಿಗೆ ಹೋದ ಸುದ್ದಿಗೆ ರಾಜಮುದ್ರೆ ಬಿದ್ದ ಹಾಗೆ.

ನನಗೆ ಸಿಟ್ಟು ಬರುವುದು ತಪ್ಪಾಯಿತೆಂದಲ್ಲ. ಸಾವಿರಾರು ಪುಟಗಳ ವರದಿಯಲ್ಲಿ ಒಂದು ತಪ್ಪು ನುಸುಳುತ್ತದೆ. ಆದರೆ ಅಷ್ಟು ದೊಡ್ಡ ಜಗಳದಲ್ಲಿ ಹಿಮನದಿ ಕರಗುವುದನ್ನು ಅಳೆಯುವುದು ಹೇಗೆ ಎಂಬ ಮಾತೇ ಮುಂದೆ ಬರಲಿಲ್ಲ. ಪಚೌರಿಯವರಿಗೆ ಸಮಿತಿಯ ಮಾನ ದೊಡ್ಡದಾಯಿತು. ಕೋಪನ್‌ಹೇಗನ್‌ಗೆ ಹೊರಟಿದ್ದ ಸರ್ಕಾರಕ್ಕೆ ಹೊರಗಿನವರ ಒತ್ತಡಕ್ಕೆ ಮಣಿಯುವುದಿಲ್ಲ ಎಂದು ತೋರಿಸಬೇಕಿತ್ತು. ಸಂಶಯ ಹಬ್ಬಿಸುವುದನ್ನೇ ಕಸುಬು ಮಾಡಿಕೊಂಡ ಪಶ್ಚಿಮದವರಿಗಂತೂ ಹಬ್ಬ.

ಅಳೆಯುವ ವಿಷಯ ಕೇಳಿ. ಹಿಮನದಿಯ ಮೂತಿ ಎಷ್ಟು ಮೀಟರ್ ಹಿಂದೆ ಸರಿಯಿತು ಎಂದು ನೋಡುವುದು ಸುಲಭ. ಆದರೆ ಕಲ್ಲುಮಣ್ಣು ಹೊದ್ದ ಹಿಮನದಿಯ ಮೂತಿ ನಿಂತಲ್ಲೇ ನಿಂತಿದ್ದು, ಮೈ ಮಾತ್ರ ತೆಳ್ಳಗಾಗುತ್ತಿರಬಹುದು. ಚಳಿಗಾಲದಲ್ಲಿ ಬಿದ್ದ ಹಿಮ ಎಷ್ಟು, ಬೇಸಿಗೆಯಲ್ಲಿ ಕರಗಿದ್ದೆಷ್ಟು ಎಂಬ ಜಮಾಖರ್ಚು ಬೇಕು. ಅದಕ್ಕೆ ಜನ ಮೇಲೆ ಹತ್ತಿ, ಕಂಬ ನೆಟ್ಟು, ವರ್ಷವರ್ಷವೂ ಹೋಗಿ ನೋಡಬೇಕು. ಲಾಹೌಲ್-ಸ್ಪಿತಿಯ ಛೋಟಾ ಶಿಗ್ರಿಯಲ್ಲಿ 2002ರಿಂದ ಈ ಕೆಲಸ ನಡೆದಿದೆ. ಕಾರಾಕೋರಂನ ಹಲವು ಹಿಮನದಿಗಳು ಬಹುಕಾಲ ಹೆಚ್ಚೇನೂ ಕರಗದೆ ನಿಂತದ್ದೂ ಇಂಥ ಲೆಕ್ಕದಿಂದಲೇ ತಿಳಿದದ್ದು. ಒಟ್ಟು ಚಿತ್ರ ಮಾತ್ರ ಸಮಾಧಾನದ್ದಲ್ಲ: ಭೂಮಿಯ ಬಿಸಿ 1.5 ಡಿಗ್ರಿಗೆ ನಿಂತರೂ ಈ ಶತಮಾನದ ಕೊನೆಗೆ ಹಿಂದೂಕುಷ್-ಹಿಮಾಲಯದ ಮೂರನೇ ಒಂದು ಭಾಗ ಮಂಜು ಹೋಗುತ್ತದೆ ಎಂದು ಕಠ್ಮಂಡುವಿನ ಇಸಿಮೋಡ್ ಸಂಸ್ಥೆ 2019ರಲ್ಲಿ ಹೇಳಿತು. ಊಟದ ಸಾಲಿನಲ್ಲಿ ಈ ಮಾತನ್ನು ಯಾರೂ ತೆಗೆದದ್ದು ನಾನು ಕೇಳಿಲ್ಲ.

ಕರಗಿದ ನೀರೆಲ್ಲ ನದಿಗೆ ಹೋಗುವುದಿಲ್ಲ. ಹಿಮನದಿ ಹಿಂದೆ ಸರಿದ ಜಾಗದಲ್ಲಿ, ಅದೇ ತಂದು ಗುಡ್ಡೆ ಹಾಕಿದ ಸಡಿಲ ಕಲ್ಲುಮಣ್ಣಿನ ದಿಣ್ಣೆಯ ಹಿಂದೆ ಸರೋವರ ಬೆಳೆಯುತ್ತದೆ. ಉತ್ತರ ಸಿಕ್ಕಿಂನ ದಕ್ಷಿಣ ಲೊನಾಕ್ ಅಂಥದ್ದು. ಅದು ಬೆಳೆಯುತ್ತಿರುವುದನ್ನು ಉಪಗ್ರಹ ಚಿತ್ರಗಳಲ್ಲಿ ನೋಡಿ, ಒಡೆಯಬಹುದೆಂದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ವಿಜ್ಞಾನಿಗಳು 2013ರಲ್ಲೇ ಬರೆದಿದ್ದರು. 2021ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಸೇರಿದ್ದ ತಂಡ, ಒಡೆದರೆ ನೆರೆ ಚುಂಗ್‌ಥಾಂಗ್ ಕಡೆ ಹೇಗೆ ನುಗ್ಗುತ್ತದೆ ಎಂದು ಲೆಕ್ಕ ಹಾಕಿತ್ತು. ಅಲ್ಲೇ 1,200 ಮೆಗಾವಾಟ್‌ನ ತೀಸ್ತಾ-3 ಯೋಜನೆಯ ಅಣೆಕಟ್ಟು ಇತ್ತು. ಇಲ್ಲಿ ಅಂಕಿಗಳೂ ಅದಲುಬದಲಾಗಿರಲಿಲ್ಲ, ಜಾಗವೂ ಗೊತ್ತಿತ್ತು. ಟಿವಿಯಲ್ಲಿ ಜಗಳವಾಡಲು ಮಾತ್ರ ಯಾರೂ ಬರಲಿಲ್ಲ.

2016ರಲ್ಲಿ ಪೈಪು ಹಾಕಿ ಒಂದಿಷ್ಟು ನೀರು ಹೊರತೆಗೆದರು. 2023ರ ಸೆಪ್ಟೆಂಬರ್‌ನಲ್ಲಿ ಕ್ಯಾಮೆರಾ, ಹವಾಮಾನ ಉಪಕರಣ ಕೂರಿಸಿದರು. ಕೆಳಗಿನ ಊರುಗಳನ್ನು ಎಚ್ಚರಿಸುವ ವ್ಯವಸ್ಥೆ ಇನ್ನೂ ಪೂರ್ತಿಯಾಗಿರಲಿಲ್ಲ. ಅಕ್ಟೋಬರ್ 3ರ ರಾತ್ರಿ ಪಕ್ಕದ ದಿಣ್ಣೆ ಕುಸಿದು ಸರೋವರಕ್ಕೆ ಬಿತ್ತು, ಎದ್ದ ಅಲೆ ಒಡ್ಡು ಮುರಿಯಿತು. ಅಣೆಕಟ್ಟು ಕೊಚ್ಚಿಹೋಯಿತು. ಐವತ್ತರಷ್ಟು ಜನ ಸತ್ತರು, ಅದಕ್ಕಿಂತ ಹೆಚ್ಚು ಮಂದಿಯ ಸುಳಿವೇ ಸಿಗಲಿಲ್ಲ.

2025ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯದ ತಜ್ಞರ ಸಮಿತಿ ತೀಸ್ತಾ-3ನ್ನು ಮತ್ತೆ ಕಟ್ಟಲು ಶಿಫಾರಸು ಮಾಡಿತು. ಹಳೆಯ ಅಣೆಕಟ್ಟು 60 ಮೀಟರ್ ಎತ್ತರವಿತ್ತು. ಹೊಸದು ಕಾಂಕ್ರೀಟಿನದು, 118 ಮೀಟರ್. ತಮ್ಮ ಅಹವಾಲನ್ನು ಕೇಳಲೇ ಇಲ್ಲ ಎಂಬುದು ಕಣಿವೆಯ ಜನರ ದೂರು.