ಕಿವಿಯ ಬುಡದಲ್ಲೊಂದು ಗಂಟು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಕಿವಿಯ ಕೆಳಗೆ ಬಾವು ಕಂಡರೆ ಮೊದಲು ನೆನಪಾಗುವುದು ಮಂಗನಬಾವು. ಅದು ಜ್ವರ, ನೋವಿನೊಂದಿಗೆ ಬಂದು ಒಂದೆರಡು ವಾರದಲ್ಲಿ ಇಳಿಯುತ್ತದೆ. ನೋಯದೆ, ವರ್ಷಗಟ್ಟಲೆ ಮೆಲ್ಲಗೆ ಬೆಳೆಯುವ ಗಂಟಿನ ಮಾತೇ ಬೇರೆ.

ಅದು ಜೊಲ್ಲುಗ್ರಂಥಿಯ ಗೆಡ್ಡೆ ಇರಬಹುದು. ಕಿವಿಯ ಮುಂದಿನ ಪರೋಟಿಡ್ ಗ್ರಂಥಿಯಲ್ಲಿ ಹುಟ್ಟುವ ಗೆಡ್ಡೆಗಳಲ್ಲಿ ನೂರಕ್ಕೆ ಸುಮಾರು 80 ಕ್ಯಾನ್ಸರ್ ಅಲ್ಲ. ಹೆಚ್ಚಾಗಿ ಕಾಣುವುದು ಪ್ಲಿಯೊಮಾರ್ಫಿಕ್ ಅಡಿನೋಮಾ. ಇದೊಂದು ವಿಚಿತ್ರ ಗೆಡ್ಡೆ. ಜೀವಕೋಶಗಳ ನಡುವೆ ಲೋಳೆಯಂಥ, ಕೆಲವೆಡೆ ಮೆಲ್ಲೆಲುಬಿನಂಥ ವಸ್ತು ತುಂಬಿರುತ್ತದೆ. ಜೊಲ್ಲುಗ್ರಂಥಿಯಲ್ಲಿ ಮೆಲ್ಲೆಲುಬು ಎಲ್ಲಿಂದ ಬಂತು? ಈ ಒಗಟು ಬಿಡಿಸಲು ನೆರವಾದದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಗ್ರಂಥಿಯಿಂದ ಜೊಲ್ಲನ್ನು ಹಿಂಡುವ ಮಯೋಎಪಿಥೀಲಿಯಲ್ ಕೋಶಗಳಲ್ಲಿ ಸ್ನಾಯುವಿನಂಥ ಸಣ್ಣ ಎಳೆಗಳಿವೆ. ಅವೇ ಎಳೆಗಳು ಗೆಡ್ಡೆಯ ಕೋಶಗಳಲ್ಲೂ ಕಂಡವು. ರೂಪ ಬದಲಿಸಿದ ಆ ಕೋಶಗಳೇ ಲೋಳೆ ಸುರಿಸುತ್ತವೆ! ಇಂದು ಇಂಥ ಗುರುತಿಸುವಿಕೆಗೆ ಹೆಚ್ಚಾಗಿ ಪ್ರತಿಕಾಯ ಬಳಸಿ ಬಣ್ಣ ಹಾಕುವ ಪರೀಕ್ಷೆಗಳೇ ಸಾಕು.

ಕ್ಯಾನ್ಸರ್ ಅಲ್ಲವಲ್ಲ, ಇರಲಿ ಬಿಡಿ ಎನ್ನುವವರುಂಟು. ಹಾಗೆ ಬಿಟ್ಟ ಕೆಲವು ಗೆಡ್ಡೆಗಳು ವರ್ಷಗಳ ಬಳಿಕ ಕ್ಯಾನ್ಸರ್ ಆಗುತ್ತವೆ. ಲೇಪಕ್ಕಾಗಲಿ, ಬರೆಗಾಗಲಿ ಇದು ಕರಗದು. ವಿಜಯಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋದರೆ ಸಣ್ಣ ಸೂಜಿಯಿಂದ ಕೋಶ ತೆಗೆದು ನೋಡುತ್ತಾರೆ. ಗೆಡ್ಡೆಯ ಹೊರಕವಚ ತೆಳು, ಅದನ್ನು ದಾಟಿ ಮೊಗ್ಗಿನಂತೆ ಚಾಚಿಕೊಂಡ ಭಾಗಗಳೂ ಇರುತ್ತವೆ. ಆದ್ದರಿಂದ ಗಂಟನ್ನಷ್ಟೇ ಕಿತ್ತರೆ ಮರುಕಳಿಸುತ್ತದೆ, ಸುತ್ತಲಿನ ಗ್ರಂಥಿಯ ಭಾಗವನ್ನೂ ತೆಗೆಯಬೇಕು. ಮುಖದ ನರ ಗ್ರಂಥಿಯ ನಡುವೆಯೇ ಹಾಯುವುದರಿಂದ ನುರಿತ ಕೈ ಬೇಕು.

ಗಂಟು ದಿಢೀರನೆ ಬೆಳೆದರೆ, ನೋಯತೊಡಗಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ ಸುಗ್ಗಿ ಮುಗಿಯಲೆಂದು ಕಾಯಬೇಡಿ. ಶಸ್ತ್ರಚಿಕಿತ್ಸೆಯ ವರದಿಯನ್ನು ಜೋಪಾನವಾಗಿಡಿ. ಹತ್ತಾರು ವರ್ಷಗಳ ಮೇಲೆ ಗಂಟು ಮತ್ತೆ ಕಂಡರೆ ವೈದ್ಯರು ಮೊದಲು ಕೇಳುವುದು ಅದನ್ನೇ.