ಗಿರಿವನಗಳ ಸೊಬಗೂ ಕಾಲದ ಮಾರ್ಪಾಟೂ

ಮಲೆನಾಡಿನ ಗಿರಿವನಗಳ ಸೊಬಗು ಶಾಶ್ವತವಾದುದೆಂದು ಪಟ್ಟಣವಾಸಿಗಳಾದ ನಮ್ಮಲ್ಲಿ ಬಹುಮಂದಿ ನಂಬಿರುವರು. ರಜೆಯಲ್ಲೊಮ್ಮೆ ಘಟ್ಟವನ್ನೇರಿ, ಕಣ್ಣು ತಂಪಾಯಿತೆಂದು ಹಿಂದಿರುಗುವವರಿಗೆ ಹಾಗೆ ತೋರುವುದು ಸಹಜವೇ. ಆದರೆ ಪರ್ವತಾರಣ್ಯವು ಗೋಡೆಗೆ ತೂಗುಹಾಕಿದ ಚಿತ್ರಪಟವಲ್ಲ. ಅದು ಸದಾ ಮಾರ್ಪಡುತ್ತಿರುವುದು. ಆ ಮಾರ್ಪಾಟಿನಲ್ಲಿ ಎರಡು ಬಗೆಯುಂಟು. ಇವೆರಡನ್ನೂ ಬೇರ್ಪಡಿಸಿ ನೋಡುವ ವಿವೇಕವು ಇಂದು ಅತ್ಯಗತ್ಯವೆಂಬುದೇ ನಮ್ಮ ಬಿನ್ನಹ.

ಮೊದಲನೆಯದು ಪ್ರಕೃತಿಯೇ ತಂದು ಪ್ರಕೃತಿಯೇ ತುಂಬಿಕೊಡುವ ಮಾರ್ಪಾಟು. ಬೇಸಗೆಯಲ್ಲಿ ಕುದುರೆಮುಖ ಶ್ರೇಣಿಯ ನೆತ್ತಿಗಳ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುವುದು. ಮುಂಗಾರು ಇಳಿದ ಕೆಲವೇ ದಿನಗಳಲ್ಲಿ ಅದೇ ನೆತ್ತಿಯು ಹಸುರುಟ್ಟು ಮಂಜಿನೊಳಗೆ ಮರೆಯಾಗುವುದು. ಬಿದಿರುಮೆಳೆಯು ಹಲವು ದಶಕಗಳ ಕಾಲ ಬೆಳೆದು, ಒಮ್ಮೆ ಹೂಬಿಟ್ಟು, ಬಿದಿರಕ್ಕಿಯನ್ನು ಸುರಿಸಿ ಸಾಯುವುದು. ಆ ಬೀಜದಿಂದಲೇ ಹೊಸ ಮೆಳೆ ಹುಟ್ಟುವುದು. ಬಾಬಾಬುಡನ್‌ಗಿರಿಯ ಇಳಿಜಾರುಗಳಲ್ಲಿ 12 ವರ್ಷಗಳಿಗೊಮ್ಮೆ ಅರಳುವ ಕುರಿಂಜಿಯನ್ನು 2022ರಲ್ಲಿ ಜನರು ತಂಡತಂಡವಾಗಿ ಹೋಗಿ ನೋಡಿಬಂದರು. ಇಂತಹ ಮಾರ್ಪಾಟಿಗೆ ಯಾರೂ ಮರುಗಬೇಕಾದುದಿಲ್ಲ.

ಎರಡನೆಯದು ಮನುಷ್ಯನು ತರುವ ಮಾರ್ಪಾಟು. ತುಂಗೆ, ಭದ್ರೆ, ನೇತ್ರಾವತಿಯರ ತವರಾದ ಆ ಕುದುರೆಮುಖದಲ್ಲಿಯೇ 1976ರಲ್ಲಿ ಕಬ್ಬಿಣದ ಅದಿರಿನ ಸಂಸ್ಥೆಯು ಸ್ಥಾಪಿತವಾಯಿತು. ಬೆಟ್ಟವನ್ನು ಅಗೆದು, ಅದಿರನ್ನು ಸುಮಾರು 67 ಕಿಲೋಮೀಟರು ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಹರಿಸಲಾಯಿತು. ಉಳಿದ ಹುಡಿಯು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ದೇಶಕ್ಕೆ ಕಬ್ಬಿಣ ಬೇಡವೆನ್ನುವವರು ನಾವಲ್ಲ. ಅನೇಕ ಸಂಸಾರಗಳಿಗೆ ಅಲ್ಲಿ ಅನ್ನ ದೊರೆತುದೂ ನಿಜ. ಆದರೂ ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಯಲ್ಲಿ ಗಣಿಯು ನಿಂತ ಮೇಲೆಯೂ, ಕಡಿದ ಬೆಟ್ಟವು ಹಿಂದಿನ ಬೆಟ್ಟವಾಗಲಿಲ್ಲ.

ಗಣಿಯ ಗಾಯವಾದರೋ ಕಣ್ಣಿಗೆ ಕಾಣುವುದು. ಕಾಣದ ಗಾಯವೊಂದುಂಟು, ಅದು ಹಸುರಿನ ವೇಷದಲ್ಲಿಯೇ ಬರುವುದು. ನೆತ್ತಿಯಲ್ಲಿ ಹುಲ್ಲು, ಕಣಿವೆಯಲ್ಲಿ ಶೋಲೆ ಕಾಡು, ಇದು ನಮ್ಮ ಎತ್ತರದ ಘಟ್ಟಗಳ ನೈಜರೂಪ. ಮಳೆನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ತೊರೆಗಳಿಗೆ ಉಣಿಸುವುದು ಈ ಜೋಡಿಯೇ. ಈ ಹುಲ್ಲನ್ನು ಸರಕಾರದ ದಫ್ತರಗಳಲ್ಲಿ ಬಂಜರೆಂದು ಬರೆದರು. ಬಂಜರೆಂದ ಮೇಲೆ ಮರ ನೆಡುವುದು ಪುಣ್ಯಕಾರ್ಯವೇ ಆಯಿತು. ನೀಲಗಿರಿಯ ಹುಲ್ಲುಗಾವಲುಗಳನ್ನು ಆಸ್ಟ್ರೇಲಿಯದ ವಾಟಲ್ ಮತ್ತು ನೀಲಗಿರಿ ಮರಗಳು ಆಕ್ರಮಿಸಿದುದು ಹೀಗೆಯೇ. ಉತ್ತರ ಕನ್ನಡದಲ್ಲಿ ಸಹಜಾರಣ್ಯವನ್ನು ಕಡಿದು ಸಾಗುವಾನಿಯಂತಹ ಏಕಜಾತಿಯ ತೋಪನ್ನು ಬೆಳೆಸುತ್ತಿದ್ದುದನ್ನು ಕಂಡೇ, 1983ರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತರು. ತೋಪು ಹಸುರೇ ಸರಿ. ಅದು ಅರಣ್ಯವಲ್ಲವೆಂಬುದನ್ನು ಆ ಹಳ್ಳಿಗರು ಬಲ್ಲವರಾಗಿದ್ದರು.

ಅಧಿಕಾರಿವರ್ಗದವರಲ್ಲಿ ನಮ್ಮ ಪ್ರಾರ್ಥನೆಯು ಇಷ್ಟೇ: ಬೋಳಾಗಿ ಕಂಡ ಬೆಟ್ಟಕ್ಕೆಲ್ಲ ಸಸಿಯ ಲೆಕ್ಕ ಬರೆಯುವ ಮುನ್ನ, ಅಲ್ಲಿ ಮೊದಲು ಇದ್ದುದೇನೆಂದು ವಿಚಾರಿಸಿರಿ. ಹುಲ್ಲು ಇದ್ದೆಡೆ ಹುಲ್ಲನ್ನೇ ಉಳಿಸಿರಿ. ವಾಚಕ ಮಹಾಶಯರೂ ಮುಂದೆ ಘಟ್ಟವನ್ನೇರಿದಾಗ, ಹಸುರೆಂದು ಹಿಗ್ಗುವ ಮೊದಲು ಅದು ಯಾವ ಹಸುರೆಂದು ಕೇಳಿಕೊಳ್ಳಲಿ. 12 ವರ್ಷಗಳ ಎಣಿಕೆಯಂತೆ ಕುರಿಂಜಿಯ ಮುಂದಿನ ಸರದಿಯು 2034ರಲ್ಲಿ ಬರುವುದು. ಅದು ಅರಳುವುದು ತೆರೆದ ಹುಲ್ಲಿಳಿಜಾರಿನಲ್ಲಿ. ಆ ಇಳಿಜಾರನ್ನು ಅಂದಿನವರೆಗೆ ಕಾಯುವ ಹೊಣೆಯು ನಮ್ಮೆಲ್ಲರದು.